ಕೇಳಿಸದೆ ಅಂದ ಹ್ಞೂಂ

ಒದ್ದೆ ಕಾರ್ಪೆಟ್ಟಿಗೊಂದು ವಾಸನೆಯಿದೆ. ಮಳೆಯಲ್ಲಿ ನೆಂದ ಬೂಟು, ಹೀಟರಿನ ಬಿಸಿಗಾಳಿ, ಬೆಳಗಿನಿಂದ ಕಾದು ಕಾದು ಕಹಿಯಾದ ಕಾಫಿ, ಎಲ್ಲ ಸೇರಿದ ವಾಸನೆ. ಮೊನ್ನೆ ಒಂದು ಹೋಟೆಲಿನ ಲಾಬಿಯಲ್ಲಿ ಯಾರಿಗೋ ಕಾಯುತ್ತ ಕೂತಿದ್ದಾಗ ಅದು ಮೂಗಿಗೆ ಬಡಿಯಿತು. ತಕ್ಷಣ ಬಲಗೈ ತಾನಾಗಿಯೇ ಕಿವಿಯ ಹಿಂದಕ್ಕೆ ಹೋಯಿತು. ಅಯ್ಯೋ, ಮೂರು ವರ್ಷವಾದರೂ ಬಿಟ್ಟಿಲ್ಲವಲ್ಲ ಇದು ಅಂದುಕೊಂಡೆ. ಸಿಯಾಟಲ್ ಹತ್ತಿರ, ಈಸ್ಟ್‌ಗೇಟಿನ ಒಂದು ಆಫೀಸಿನಲ್ಲಿ, ಇಂಥದೇ ಲಾಬಿಯಲ್ಲಿ ನಾನು ಹತ್ತು ನಿಮಿಷ ಕೂತಿದ್ದೆ. ಆ ಹತ್ತು ನಿಮಿಷ ಹೇಳಬೇಕಾದರೆ ಅದರ ಹಿಂದಿನ ಐವತ್ತು ದಿನ ಹೇಳಬೇಕು.

ನನ್ನ ಕಿವಿ ಮೂವತ್ತೈದರ ಹೊತ್ತಿಗೇ ಮಂದವಾಗತೊಡಗಿತ್ತು. ಮೊದಲು ಹಕ್ಕಿಗಳ ದನಿ ಹೋಯಿತು, ಆಮೇಲೆ ಮೈಕ್ರೋವೇವಿನ ಬೀಪು, ಆಮೇಲೆ ಮೀಟಿಂಗಿನಲ್ಲಿ ಟೇಬಲಿನ ಆ ತುದಿಯಲ್ಲಿ ಕೂತವರ ಮಾತು. ಎರಡೂ ಕಿವಿಗೆ ಯಂತ್ರ ಬಂತು. ಕೂದಲು ಇಳಿಬಿಟ್ಟು ಮುಚ್ಚಿಕೊಂಡೆ. ಆಫೀಸಿನಲ್ಲಿ ಒಬ್ಬರಿಗೂ ಹೇಳಲಿಲ್ಲ. ಯಂತ್ರ ಹಾಕಿಕೊಂಡ ಮಾತ್ರಕ್ಕೆ ಎಲ್ಲ ಕೇಳಿಸುತ್ತದೆ ಅಂತ ಜನ ತಿಳಿದಿದ್ದಾರೆ, ಹಾಗೇನಿಲ್ಲ. ಎದುರು ಕೂತು ಒಬ್ಬರೇ ಮಾತಾಡಿದರೆ ಸರಿ. ನಾಲ್ಕು ಜನ ಸೇರಿದರೆ, ಮಿಕ್ಸಿ ತಿರುಗಿದರೆ, ಕಾರು ಹೈವೇ ಹತ್ತಿದರೆ ಮುಗಿಯಿತು, ಎಲ್ಲ ಕಲಸುಮೇಲೋಗರ.

ಆಗೆಲ್ಲ ನಾನು ಏನು ಮಾಡುತ್ತಿದ್ದೆ? ಹ್ಞೂಂ ಅನ್ನುತ್ತಿದ್ದೆ. ಮೈಸೂರಿನಲ್ಲಿ ದಾಕ್ಷಿಣ್ಯದಲ್ಲೇ ಮುಳುಗಿಸಿ ಬೆಳೆಸಿದ ಹುಡುಗಿ ನಾನು. ಏನಂದಿರಿ ಅಂತ ಒಂದು ಸಲ ಕೇಳಬಹುದು. ಎರಡನೇ ಸಲ ಕೇಳಿದರೆ ಎದುರಿನವರ ಮುಖ ಸಣ್ಣಗಾಗುತ್ತದೆ. ಮೂರನೇ ಸಲ ಕೇಳಲು ನನ್ನ ನಾಲಿಗೆಯೇ ಏಳುತ್ತಿರಲಿಲ್ಲ. ತಲೆಯಾಡಿಸಿ, ಸ್ವಲ್ಪ ನಕ್ಕು, ಹ್ಞೂಂ ಅಥವಾ ಯೆಸ್ ಅಂದುಬಿಟ್ಟರೆ ಅವರಿಗೂ ಸಮಾಧಾನ, ನನಗೂ ಸಮಾಧಾನ. ಮನೆಯಲ್ಲಿ ಗಂಡನ ಮೇಲೆ, ಮಗಳ ಮೇಲೆ ಹರಿಹಾಯುವುದಕ್ಕೆ ನನಗೆ ಯಾವ ದಾಕ್ಷಿಣ್ಯವೂ ಇರಲಿಲ್ಲ, ಅದು ಬೇರೆ ಮಾತು. ಆದರೆ ಅಲ್ಲೂ ಹ್ಞೂಂ ಅನ್ನುವುದು ನಡೆದೇ ಇತ್ತು.

ಆ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ನನ್ನ ಕೆಲಸ ಹೋಯಿತು. ರೆಡ್ಮಂಡಿನ ಒಂದು ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಇಡೀ ತಂಡವನ್ನೇ ಮುಚ್ಚಿದರು. ನಾವು ಇದ್ದದ್ದು ನನ್ನ ವೀಸಾದ ಮೇಲೆ. ರಘು, ನನ್ನ ಗಂಡ, ಕೆಲಸ ಮಾಡುತ್ತಿದ್ದ, ಆದರೆ ಅವನ ಪರವಾನಗಿ ನನ್ನ ವೀಸಾದ ಬಾಲ. ಮಗಳು ಅದಿತಿಯದೂ ಅಷ್ಟೇ. ಎರಡು ವರ್ಷದ ಕೂಸಾಗಿ ಬಂದವಳು ಆಗ ಹೈಸ್ಕೂಲಿನಲ್ಲಿದ್ದಳು. ಕೆಲಸ ಹೋದ ದಿನದಿಂದ ಅರವತ್ತು ದಿನ. ಅಷ್ಟರೊಳಗೆ ಬೇರೆ ಕಂಪನಿ ನನ್ನನ್ನು ತೆಗೆದುಕೊಂಡು ಅರ್ಜಿ ಹಾಕಬೇಕು, ಇಲ್ಲವೆಂದರೆ ಮೂವರೂ ಗಂಟುಮೂಟೆ ಕಟ್ಟಬೇಕು. ರಘು ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಅರವತ್ತನೇ ದಿನಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದ. ನಾನು ಹಾಲು ತೆಗೆಯಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಹಾಲೇ ಬೇಡ ಅನ್ನಿಸಿತ್ತು.

ಫೋನ್ ಸಂದರ್ಶನ ನನಗೆ ಕಷ್ಟವಿರಲಿಲ್ಲ, ಫೋನಿನ ಮಾತು ನೇರ ಕಿವಿಯ ಯಂತ್ರಕ್ಕೆ ಬರುತ್ತದೆ. ಕಷ್ಟವೆಲ್ಲ ಎದುರು ಕೂರಿಸಿ ಮಾತಾಡಿಸುವುದರಲ್ಲಿ. ಇಪ್ಪತ್ತೆರಡನೇ ದಿನ ಒಂದು ಕಡೆ ಕರೆದರು. ಗಾಜಿನ ಕೋಣೆ, ಐದು ಜನ, ತಲೆಯ ಮೇಲೆ ಗುಂಯ್‌ಗುಡುವ ಹೀಟರು. ಹೋಗುವ ಮುಂಚೆ ರಘು ಒಂದೇ ಮಾತು ಹೇಳಿ ಕಳಿಸಿದ್ದ.

"ಕಿವಿ ವಿಷ್ಯ ಬಾಯಿ ಬಿಡ್ಬೇಡ ವೀಣಾ. ಕೆಲ್ಸ ಸಿಗ್ಲಿ, ಆಮೇಲೆ ನೋಡ್ಕೊಳ್ಳೋಣ."

ಬಾಯಿ ಬಿಡಲಿಲ್ಲ. ತುಟಿ ನೋಡಿ ನೋಡಿ ಕಣ್ಣು ಉರಿದವು. ಅರ್ಧ ಪ್ರಶ್ನೆಗಳಿಗೆ ಊಹೆಯ ಉತ್ತರ ಕೊಟ್ಟೆ, ಉಳಿದವಕ್ಕೆ ತಲೆಯಾಡಿಸಿದೆ. ಎರಡೇ ದಿನದಲ್ಲಿ ಬೇಡವೆಂದು ಮೇಲ್ ಬಂತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಯುತ್ತಿದ್ದೆ.

ಆಗಲೇ ಕಿವಿಯ ಕ್ಲಿನಿಕ್ಕಿನಲ್ಲಿ ಆ ಮೈಕು ಕೊಟ್ಟದ್ದು. ಕುಂಕುಮದ ಭರಣಿಯಷ್ಟು ದೊಡ್ಡದು, ಹಿಂದೊಂದು ಕ್ಲಿಪ್ಪು, ಮೇಲೊಂದು ಹಸಿರು ದೀಪ. ಮಾತಾಡುವವರ ಕಾಲರಿಗೆ ಸಿಕ್ಕಿಸಿದರೆ ಅವರೊಬ್ಬರ ಮಾತು, ಟೇಬಲಿನ ಮೇಲೆ ಇಟ್ಟರೆ ಸುತ್ತ ಕೂತ ಎಲ್ಲರ ಮಾತು, ವೈರಿಲ್ಲದೆ ನೇರ ನನ್ನ ಕಿವಿಗೆ. ಮನೆಗೆ ಬರುವಾಗ ಕಾರಿನಲ್ಲಿ ರಘುವಿನ ಕಾಲರಿಗೆ ಸಿಕ್ಕಿಸಿದೆ. ಮಳೆ, ವೈಪರು, ಟೈರಿನ ಸದ್ದು ಎಲ್ಲ ದೂರ ಸರಿದು ಅವನ ದನಿಯೊಂದೇ ಬಂತು. ಅವನು ಮಾತಿನ ನಡುವೆ ಮೂಗೆಳೆಯುವುದು ಕೂಡ ಕೇಳಿಸಿತು. ಎಷ್ಟೋ ವರ್ಷವಾಗಿತ್ತು ಕಾರಿನಲ್ಲಿ ಅವನ ಮಾತು ಕೇಳಿ. ಅಳು ಬಂತು, ಕಿಟಕಿ ಕಡೆ ತಿರುಗಿಕೊಂಡೆ.

ಆಮೇಲೆ ಅದರ ಕಾಟಗಳೂ ಗೊತ್ತಾದವು. ಒಲೆಯ ಕಟ್ಟೆಯ ಮೇಲೆ ಮರೆತಿಟ್ಟರೆ ಕುಕ್ಕರಿನ ಸೀಟಿ ಮೆದುಳಿನೊಳಗೇ ಕೂಗುತ್ತದೆ. ಟೇಬಲಿನ ಮೇಲಿಟ್ಟು ಪಕ್ಕದಲ್ಲಿ ಯಾರಾದರೂ ಪೇಪರು ಮಡಚಿದರೆ ಸೂರು ಹಾರಿಹೋದ ಹಾಗೆ. ಇಂಡಿಯನ್ ಅಂಗಡಿಯಲ್ಲಿ ಬಿಲ್ ಹಾಕುವವಳ ಮುಂದೆ ಇಡಲು ನಾಲ್ಕು ಸಲ ಕೈಚೀಲಕ್ಕೆ ಕೈ ಹಾಕಿದೆ, ನಾಲ್ಕು ಸಲವೂ ತೆಗೆಯದೆ ಬಂದೆ. ಮೈಕು ಇದ್ದರೇನು, ಅದನ್ನು ಎದುರಿನವರ ಮುಂದೆ ಇಡುವುದಕ್ಕೂ ಬಾಯಿ ಬಿಟ್ಟು ಕೇಳಬೇಕಲ್ಲ.

ಮೂವತ್ತೈದನೇ ದಿನವೋ ಏನೋ, ಅದಿತಿ ಸಂಜೆ ನನ್ನ ಜೊತೆ ತರಕಾರಿ ಹೆಚ್ಚಿ, ಮೈಕನ್ನು ತನ್ನ ಹೂಡಿ ಅಂಗಿಯ ಕತ್ತಿಗೆ ಸಿಕ್ಕಿಸಿಕೊಂಡೇ ಮಹಡಿಯ ತನ್ನ ಕೋಣೆಗೆ ಹೋದಳು. ನಾನು ಕೆಳಗೆ ಹುಳಿ ಕುದಿಸುತ್ತಿದ್ದೆ. ಕಿವಿಯಲ್ಲಿ ಅವಳ ದನಿ ಬಂತು, ಗೆಳತಿಯೊಬ್ಬಳಿಗೆ ಫೋನಿನಲ್ಲಿ ಹೇಳುತ್ತಿದ್ದಳು.

"ಐ ಡೋಂಟ್ ನೋ ಇಫ್ ಐಲ್ ಬಿ ಹಿಯರ್ ಬೈ ಕ್ರಿಸ್‌ಮಸ್. ಮೈ ಮಾಮ್ ಜಸ್ಟ್ ನಾಡ್ಸ್. ಶಿ ನಾಡ್ಸ್ ಅಟ್ ಎವ್ರಿಥಿಂಗ್. ಐ ಸ್ಟಾಪ್ಡ್ ಟೆಲ್ಲಿಂಗ್ ಹರ್ ಸ್ಟಫ್."

ಕ್ರಿಸ್‌ಮಸ್ ಹೊತ್ತಿಗೆ ಇಲ್ಲಿರುತ್ತೇನೋ ಇಲ್ಲವೋ, ಅಮ್ಮ ಏನು ಹೇಳಿದರೂ ತಲೆಯಾಡಿಸುತ್ತಾಳೆ ಅಷ್ಟೇ ಅಂತ. ಕರೆದು ಹೇಳಬೇಕಿತ್ತು, ಅದಿತೀ, ಮೈಕ್ ಆನ್ ಇದೆ ಕಣೇ ಅಂತ. ಹೇಳಲಿಲ್ಲ. ಒಲೆಯ ಮುಂದೆ ನಿಂತು ಪೂರ್ತಿ ಕೇಳಿದೆ. ಅವಳು ಅತ್ತದ್ದನ್ನೂ ಕೇಳಿದೆ. ಊಟಕ್ಕೆ ಬಂದಾಗ ಮೈಕು ವಾಪಸು ಕೊಟ್ಟಳು, ನಾನು ಏನೂ ಗೊತ್ತಿಲ್ಲದವಳ ಹಾಗೆ ತಟ್ಟೆಗೆ ಅನ್ನ ಬಡಿಸಿದೆ. ಹೆತ್ತ ಮಗಳ ಮಾತನ್ನು ಕಳ್ಳಿಯ ಹಾಗೆ ಕೇಳಿದ ನಾಚಿಕೆ ಒಂದು ಕಡೆ, ಅವಳು ನನಗೆ ಹೇಳುವುದನ್ನೇ ಬಿಟ್ಟಿದ್ದಾಳೆ ಅನ್ನುವ ಸಂಕಟ ಇನ್ನೊಂದು ಕಡೆ.

ನವೆಂಬರ್ ಬಂತು. ನಾಲ್ಕೂವರೆಗೇ ಕತ್ತಲೆ. ಐದು ಕಡೆ ಅರ್ಜಿ, ಮೂರು ಕಡೆ ಉತ್ತರವಿಲ್ಲ, ಒಂದು ಕಡೆ ಬೇಡ. ರಘು ಮೈಸೂರಿನ ಕಾಲೇಜುಗಳ ಬಗ್ಗೆ ಫೋನಿನಲ್ಲಿ ವಿಚಾರಿಸುವುದು, ನಾನು ಬಂದ ಕೂಡಲೇ ಮಾತು ನಿಲ್ಲಿಸುವುದು. ಅದಿತಿಗೆ ಕನ್ನಡದಲ್ಲಿ ತನ್ನ ಹೆಸರು ಬಿಟ್ಟು ಇನ್ನೇನೂ ಬರೆಯಲು ಬಾರದು. ಉಳಿದದ್ದು ಈಸ್ಟ್‌ಗೇಟಿನ ಒಂದೇ ಕಂಪನಿ. ಆಸ್ಪತ್ರೆಯಲ್ಲಿ ಮಲಗಿದವರ ಮೈಗೆ ಔಷಧ ಹನಿಹನಿಯಾಗಿ ಬಿಡುವ ಪಂಪು ಮಾಡುವವರು. ಆ ಪಂಪಿನ ಸಾಫ್ಟ್‌ವೇರ್ ಪರೀಕ್ಷೆ ಮಾಡಲು ಜನ ಬೇಕಿತ್ತು. ಐವತ್ತೊಂದನೇ ದಿನ ಬರಹೇಳಿದರು.

ಅದರ ಹಿಂದಿನ ದಿನ ಗಾಳಿ ಎದ್ದಿತು. ನಮ್ಮ ಮನೆಯಿದ್ದ ಬೆಟ್ಟದ ಬುಡದ ಊರು ಸ್ನೊಕ್ವಾಲ್ಮಿಯಲ್ಲಿ ನವೆಂಬರ್ ಗಾಳಿ ಅಂದರೆ ತಮಾಷೆಯಲ್ಲ. ಮರ ಬಿದ್ದು ಕರೆಂಟು ಹೋಯಿತು, ಬರಲೇ ಇಲ್ಲ. ಕಿವಿಯ ಯಂತ್ರ, ಮೈಕು ಎರಡನ್ನೂ ಬೆಳಿಗ್ಗೆ ಕಾರಿಗೆ ಸಿಕ್ಕಿಸಿ ಚಾರ್ಜು ಮಾಡಿದೆವು. ದಾರಿಯುದ್ದಕ್ಕೂ ಕಿವಿ ಖಾಲಿ, ರಘು ಏನೇನೋ ಹೇಳುತ್ತಿದ್ದ, ನಾನು ಮುಂದಿನ ರಸ್ತೆ ನೋಡುತ್ತ ಕೂತಿದ್ದೆ. ಪಾರ್ಕಿಂಗಿಗೆ ಬಂದು ಯಂತ್ರ ಹಾಕಿಕೊಂಡ ಮೇಲೆ ಅವನು ಮೈಕಿನ ಕಡೆ ಕೈ ತೋರಿಸಿದ.

"ಇದನ್ನ ಒಳಗಡೆ ತಗೊಂಡು ಹೋಗ್ತೀಯಾ?"

"ಹೋಗ್ತೀನಿ. ಹೋದ್ಸಲ ಮುಚ್ಚಿಟ್ಟು ಏನಾಯ್ತು, ಗೊತ್ತಲ್ಲ."

"ನಿನ್ನಿಷ್ಟ. ಉಳ್ದಿರೋದು ಇದೊಂದೇ, ನೆನಪಿಟ್ಕೋ."

ನೆನಪಿಲ್ಲದೆ ಏನು! ಹೊಟ್ಟೆಯಲ್ಲಿ ನೆನಪು ಬಿಟ್ಟು ಇನ್ನೇನೂ ಇರಲಿಲ್ಲ.

ಒಳಗೆ ಇಬ್ಬರಿದ್ದರು. ಡಯಾನ್ ಅಂತ ಮ್ಯಾನೇಜರು, ಅರವತ್ತರ ಹತ್ತಿರದ ಹೆಂಗಸು, ನೋಟ ಸೂಜಿಯ ಹಾಗೆ. ಇನ್ನೊಬ್ಬ ಶ್ರೀನಿವಾಸ್, ವಿಜಯವಾಡ ಕಡೆಯ ಎಂಜಿನಿಯರು. ನಾನು ಮೈಕನ್ನು ಟೇಬಲಿನ ಮಧ್ಯೆ ಇಟ್ಟು, ನನಗೆ ಕಿವಿ ಮಂದ, ಇದು ನಿಮ್ಮ ಮಾತನ್ನು ನನಗೆ ತಲುಪಿಸುತ್ತದೆ, ರೆಕಾರ್ಡ್ ಮಾಡುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಬಾಯಿಪಾಠದ ಹಾಗೆ ಒಪ್ಪಿಸಿದೆ. ಡಯಾನ್ "ಸರಿ" ಅಂದು ಮೈಕನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು. ಅಷ್ಟೇ. ಇಷ್ಟಕ್ಕೇ ನಾನು ಹತ್ತು ವರ್ಷ ಹೆದರಿ ಸತ್ತೆನಾ ಅನ್ನಿಸಿತು.

ಒಂದು ಗಂಟೆ ಚೆನ್ನಾಗಿ ನಡೆಯಿತು. ಪ್ರತಿ ಪ್ರಶ್ನೆಯೂ ಕಿವಿಯಲ್ಲೇ ಹೇಳಿದ ಹಾಗೆ ಸ್ಪಷ್ಟ. ಪಂಪು ಎಲ್ಲೆಲ್ಲಿ ಕೈಕೊಡಬಹುದು ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಶ್ರೀನಿವಾಸ್ ತಲೆದೂಗಿದ. ಆಮೇಲೆ ಅವನು, ಸಾರಿ, ಊಟ ಆಗಿಲ್ಲ ಅಂದು ಚಿಪ್ಸ್ ಪೊಟ್ಟಣ ತೆಗೆದು ಮೈಕಿನ ಪಕ್ಕದಲ್ಲೇ ಹರಿದ. ಕಿವಿಯಲ್ಲಿ ಚರಚರ ಅಂತ ಸಿಡಿಲು. ಅದೇ ಹೊತ್ತಿಗೆ ಡಯಾನ್ ಏನೋ ಕೇಳಿದಳು. ತುಟಿ ಅಲ್ಲಾಡಿದ್ದು ಕಂಡಿತು, ಕೊನೆಗೆ ನನ್ನ ಕಡೆ ನೋಡಿ ಹುಬ್ಬೇರಿಸಿದ್ದು ಕಂಡಿತು. ನಾನು ತಲೆಯಾಡಿಸಿ, ನಕ್ಕು, ಯೆಸ್ ಅಂದೆ.

ಅಂದದ್ದು ನಾನಲ್ಲ, ನನ್ನ ಅಭ್ಯಾಸ. ಮೈಕು ಟೇಬಲಿನ ಮೇಲಿದೆ, ಕಿವಿ ಮಂದ ಅಂತ ನಾನೇ ಹೇಳಿಯಾಗಿದೆ, ಇನ್ನೊಂದು ಸಲ ಹೇಳಿ ಅಂತ ಕೇಳಿದ್ದರೆ ಏನು ಹೋಗುತ್ತಿತ್ತು? ಏನೂ ಇಲ್ಲ. ಆದರೂ ಯೆಸ್ ಅಂದೆ. ಡಯಾನ್ ಏನನ್ನೋ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದಳು.

ಕೊನೆಗೆ, ಹತ್ತು ನಿಮಿಷ ಲಾಬಿಯಲ್ಲಿ ಕೂತಿರಿ, ನಾವು ಮಾತಾಡಿಕೊಳ್ಳುತ್ತೇವೆ ಅಂದಳು. ಎದ್ದೆ. ಮೈಕು ಅವಳ ಮೊಣಕೈ ಹತ್ತಿರ, ಅರ್ಧ ಅವಳ ನೋಟ್‌ಪುಸ್ತಕದ ಕೆಳಗೆ ಇತ್ತು. ದೊಡ್ಡವರು ಕೈಯಿಟ್ಟು ಕೂತಿರುವಾಗ ಅದರಡಿಯಿಂದ ವಸ್ತು ಎಳೆದುಕೊಳ್ಳುವುದು ಹೇಗೆ? ಹೇಗೂ ಒಳಗೆ ಕರೆಯುತ್ತಾರಲ್ಲ, ಆಗ ತೆಗೆದುಕೊಂಡರಾಯಿತು ಅಂದುಕೊಂಡು ಹೊರಗೆ ಬಂದೆ. ಹಾಳಾದ ದಾಕ್ಷಿಣ್ಯ!

ಲಾಬಿಯಲ್ಲಿ ಒದ್ದೆ ಕಾರ್ಪೆಟ್ಟಿನ ವಾಸನೆ. ಗಾಜಿನಾಚೆ ಮಳೆಯಲ್ಲಿ ನಮ್ಮ ಕಾರು, ಒಳಗೆ ರಘು. ಕೂತು ಉಸಿರು ಬಿಡುವಷ್ಟರಲ್ಲಿ ಪಕ್ಕದಲ್ಲೇ ಡಯಾನ್ ದನಿ. ಬೆಚ್ಚಿ ತಿರುಗಿ ನೋಡಿದೆ, ಯಾರೂ ಇಲ್ಲ. ದನಿ ಬರುತ್ತಿದ್ದದ್ದು ಕಿವಿಯೊಳಗಿನಿಂದ.

"ಕೆಲಸ ಗೊತ್ತಿದೆ ಅವಳಿಗೆ," ಶ್ರೀನಿವಾಸ್ ಅಂದ.

"ಗೊತ್ತಿದೆ," ಡಯಾನ್ ಅಂದಳು. "ಆದರೆ ಬೇರೆ ಯಾರ ಸಹಿಯೂ ಇಲ್ಲದೆ ನೀವೊಬ್ಬರೇ ಸಹಿ ಹಾಕಿ ಪ್ರಾಡಕ್ಟ್ ಹೊರಗೆ ಬಿಟ್ಟಿದ್ದೀರಾ ಅಂತ ಕೇಳಿದೆ. ಹೌದು ಅಂದಳು. ರೆಸ್ಯೂಮೆಯಲ್ಲಿ ಮ್ಯಾನೇಜರ್ ಸಹಿ ಅಂತಿದೆ. ಮಾಡದ್ದನ್ನು ಮಾಡಿದ್ದೀನಿ ಅನ್ನುವ ಟೆಸ್ಟರ್ ನನಗೆ ಬೇಡ. ಇದು ಔಷಧದ ಪಂಪು."

ಎರಡೂ ಕಿವಿಯಿಂದ ಯಂತ್ರ ಕಿತ್ತೆ. ಬೇಗ ಕಿತ್ತೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಮೊದಲ ಪದಕ್ಕೇ ಕೀಳಬಹುದಿತ್ತು, ಅಷ್ಟೂ ಕೇಳಿಸಿಕೊಂಡ ಮೇಲೆ ಕಿತ್ತೆ. ಈಗ ಲಾಬಿಯಲ್ಲಿ ಸದ್ದೇ ಇಲ್ಲ. ಅಂಗೈಯಲ್ಲಿ ಎರಡು ಯಂತ್ರ.

ಸುಮ್ಮನೆ ಕೂತರೆ? ಶ್ರೀನಿವಾಸ್ ನನ್ನ ಪರ ಮಾತಾಡಬಹುದು, ಡಯಾನ್ ಮೆತ್ತಗಾಗಬಹುದು. ಒಳಗೆ ಹೋದರೆ? ನಿಮ್ಮ ಗುಟ್ಟಿನ ಮಾತು ಕೇಳಿದೆ ಅಂತ ನನ್ನ ಬಾಯಿಂದಲೇ ಹೇಳಬೇಕು. ಹೇಳಿದ ಮೇಲೂ ಆ ಪ್ರಶ್ನೆಗೆ ನನ್ನ ಹತ್ತಿರ ಇದ್ದ ನಿಜವಾದ ಉತ್ತರ 'ಇಲ್ಲ' ಅನ್ನುವುದೊಂದೇ. ಕೆಲಸಕ್ಕೆ ಬೇಕಿದ್ದ ಉತ್ತರ ಅದಲ್ಲ. ಇನ್ನು ಒಂಬತ್ತು ದಿನ ಉಳಿದಿತ್ತು. ಕಾರಿನಲ್ಲಿ ರಘು ಸ್ಟೀರಿಂಗಿಗೆ ಹಣೆಯಾನಿಸಿ ಕೂತಿದ್ದ. ದೇವರೇ, ಇವರಿಬ್ಬರ ಬದುಕು ನನ್ನ ಕತ್ತಿನ ಮೇಲೆ ಕೂತಿದೆಯಲ್ಲಪ್ಪಾ ಅನ್ನಿಸಿತು.

ಆದರೆ ಒಂದು ಕೋಪವೂ ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ, ನನ್ನ ಮೇಲೇ ಇರಬೇಕು. ಸುಳ್ಳು ಹೇಳುವವಳಲ್ಲ ನಾನು. ಇಪ್ಪತ್ತು ವರ್ಷ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆದವಳು, ಪರೀಕ್ಷೆ ಮಾಡದೆ ಪಾಸು ಅಂತ ಒಂದು ಸಲವೂ ಬರೆದವಳಲ್ಲ. ಯಂತ್ರ ಹಾಕಿಕೊಂಡು ಎದ್ದುಹೋಗಿ ಬಾಗಿಲು ತಟ್ಟಿದೆ.

"ಕ್ಷಮಿಸಿ. ನನ್ನ ಮೈಕು ಇಲ್ಲೇ ಉಳಿದಿದೆ, ಆನ್ ಆಗಿದೆ," ಅಂದೆ.

ಇಬ್ಬರೂ ಒಟ್ಟಿಗೆ ಆ ಹಸಿರು ದೀಪ ನೋಡಿದರು. ಶ್ರೀನಿವಾಸನ ಮುಖ ಕೆಂಪಾಯಿತು. ಡಯಾನ್ ಮುಖ ಬದಲಾಗಲಿಲ್ಲ.

"ಎಷ್ಟು ಕೇಳಿಸಿತು?"

"ಸಹಿಯ ವಿಷಯದವರೆಗೆ. ಆಮೇಲೆ ಕಿವಿಯಿಂದ ತೆಗೆದೆ. ಮುಂಚೆಯೇ ತೆಗೆಯಬೇಕಿತ್ತು." ಬಾಗಿಲು ಬಿಟ್ಟು ಟೇಬಲಿನ ಹತ್ತಿರ ಬಂದೆ. "ಆ ಪ್ರಶ್ನೆ ನನಗೆ ಕೇಳಿಸಿರಲಿಲ್ಲ. ಪೊಟ್ಟಣದ ಸದ್ದಿತ್ತು. ಕೇಳಿಸದೆಯೇ ಹೌದು ಅಂದೆ."

ಶ್ರೀನಿವಾಸ್ ಚಿಪ್ಸ್ ಪೊಟ್ಟಣವನ್ನು ಮೆಲ್ಲಗೆ ಕೆಳಗಿಳಿಸಿದ. ಡಯಾನ್ ನೋಟ್‌ಪುಸ್ತಕ ಸರಿಸಿ, ಮೈಕನ್ನು ನನ್ನ ಮುಂದೆ ಇಟ್ಟು, ಅದೇ ಪ್ರಶ್ನೆಯನ್ನು ಅದೇ ಪದಗಳಲ್ಲಿ ಕೇಳಿದಳು.

"ಇಲ್ಲ," ಅಂದೆ. "ಒಂದು ಸಲವೂ ಇಲ್ಲ."

"ಬೇರೆ ಯಾವ ಪ್ರಶ್ನೆಗಾದರೂ ಹೀಗೆ ಹೌದು ಅಂದಿದ್ದೀರಾ?"

"ಈ ಕೋಣೆಯಲ್ಲಿ ಇದೊಂದಕ್ಕೇ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಥ್ಯಾಂಕ್ಸ್ ಅಂದಳು, ಹೋಗಬಹುದು ಅಂದಳು. ಈ ಸಲ ಮೈಕು ಕೈಯಲ್ಲೇ ಇತ್ತು.

ಕಾರಿನಲ್ಲಿ ರಘುವಿಗೆ ನಡೆದದ್ದೆಲ್ಲ ಹೇಳಿದೆ. ಅವನು ಪಾರ್ಕಿಂಗಿನಲ್ಲೇ ಕೂಗಿದ, ಅವನು ಕೂಗುವ ಜಾತಿಯವನೇ ಅಲ್ಲ.

"ತಲೆ ಕೆಟ್ಟಿದ್ಯಾ ನಿಂಗೆ? ಯಾರಾದ್ರೂ ಹೋಗಿ ಹೇಳ್ತಾರಾ? ಅದಿತಿ ಮುಖ ನೆನಪಾಗ್ಲಿಲ್ವಾ?"

"ನೆನಪಾಯ್ತು! ಅದಕ್ಕೇ ಹೋದೆ!" ನಾನೂ ಕೂಗಿದೆ. "ಸುಳ್ಳುಗಾತಿ ಅಂತ ಬರ್ಕೊಂಡಿದ್ಲು ಆ ಡಯಾನ್. ನಾನು ಸುಳ್ಳುಗಾತಿನಾ?"

ಅವನು ಕಾರು ಸ್ಟಾರ್ಟ್ ಮಾಡಿದ. ಮೂರು ದಿನ ಮನೆಯಲ್ಲಿ ಮಾತೇ ಇಲ್ಲ. ಕರೆಂಟು ಬಂತು, ಫ್ರಿಜ್ಜು ಗುನುಗಿತು, ಕ್ಯಾಲೆಂಡರಿನ ಕೆಂಪು ಸುತ್ತು ಹತ್ತಿರವಾಯಿತು. ಅದಿತಿ ಪುಸ್ತಕಗಳನ್ನು ಎರಡು ಗುಡ್ಡೆ ಮಾಡುತ್ತಿದ್ದಳು, ತೆಗೆದುಕೊಂಡು ಹೋಗುವವು ಒಂದು, ಬಿಟ್ಟುಹೋಗುವವು ಒಂದು.

ಐವತ್ತನಾಲ್ಕನೇ ದಿನ ಡಯಾನಳೇ ಫೋನು ಮಾಡಿದಳು. ಕೆಲಸ ಸಿಕ್ಕಿತ್ತು. ಮೀಟಿಂಗಿನಲ್ಲಿ ಇನ್ನು ಮುಂದೆ ಪೊಟ್ಟಣ ತರಬಾರದು ಅಂತ ಶ್ರೀನಿವಾಸ್‌ಗೆ ಹೇಳಿದ್ದೀನಿ ಅಂದಳು. ಐವತ್ತೆಂಟನೇ ದಿನ ಅರ್ಜಿ ಹೋಯಿತು. ಅದಿತಿ ನನ್ನ ಕುತ್ತಿಗೆಗೆ ಜೋತುಬಿದ್ದು ಅತ್ತಳು. ನಾನು ಅವಳ ಕೋಣೆಯಲ್ಲಿ ಕೂತು, ಅವತ್ತು ಮೈಕಿನಲ್ಲಿ ನಿನ್ನ ಮಾತು ಕೇಳಿದೆ ಅಂತ ಒಪ್ಪಿಕೊಂಡೆ. ಎರಡು ದಿನ ಮುಖ ಊದಿಸಿಕೊಂಡಿದ್ದಳು, ಆಮೇಲೆ ಸರಿಹೋದಳು.

ಆ ಶನಿವಾರ ರಘು ಮತ್ತು ನಾನು ಸಾಮಾನು ತಂದು ವಾಪಸು ಬರುತ್ತಿದ್ದೆವು. ಹೈವೇಯಲ್ಲಿ ಜೋರು ಮಳೆ, ಮೈಕು ಅವನ ಕಾಲರಿನಲ್ಲಿ. ಅವನು ರಸ್ತೆಯಿಂದ ಕಣ್ಣು ತೆಗೆಯದೆ ಮಾತು ತೆಗೆದ.

"ವೀಣಾ, ಸ್ನೊಕ್ವಾಲ್ಮಿಲಿ ಮನೆ ತಗೊಳ್ಳೋಣ್ವಾ ಅಂತ ಇದೇ ರೋಡಲ್ಲಿ ಕೇಳಿದ್ದೆ. ಅವತ್ತೂ ಹಿಂಗೇ ಮಳೆ. ನೀನು ಹ್ಞೂಂ ಅಂದೆ. ನಿಂಗೆ ಅದು ಕೇಳ್ಸಿತ್ತಾ?"

ಕೇಳಿಸಿರಲಿಲ್ಲ. ಕಾರಿನ ಟೈರು ಬದಲಾಯಿಸುವ ವಿಷಯ ಏನೋ ಹೇಳುತ್ತಿದ್ದಾನೆ ಅಂದುಕೊಂಡಿದ್ದೆ. ಎರಡು ವಾರದ ಮೇಲೆ ಮನೆ ತೋರಿಸಲು ಕರೆದುಕೊಂಡು ಹೋದಾಗ ಅವನ ಮುಖದಲ್ಲಿದ್ದ ಸಂತೋಷ ನೋಡಿ ಬಾಯಿ ಬರಲಿಲ್ಲ. ಸಿಯಾಟಲಿನಿಂದ ಅಷ್ಟು ದೂರ, ಅಷ್ಟು ಗಾಳಿ, ಗೆಳತಿಯರೆಲ್ಲ ರೆಡ್ಮಂಡಿನ ಓವರ್‌ಲೇಕಿನಲ್ಲಿ. ನನಗೆ ಬೇಕಿರಲಿಲ್ಲ ಆ ಮನೆ. ಏಳು ವರ್ಷ ಅದರಲ್ಲಿ ಬದುಕಿದ್ದೆ.

"ಇಲ್ಲ ರಘು. ಕೇಳ್ಸಿರ್ಲಿಲ್ಲ."

ಮೈಕಿನಲ್ಲಿ ಅವನ ಉಸಿರು ಸಿಕ್ಕಿಕೊಂಡದ್ದು ಕೇಳಿಸಿತು, ಉಗುಳು ನುಂಗಿದ್ದೂ ಕೇಳಿಸಿತು. ಹೈವೇ ಬಿಟ್ಟು ನಮ್ಮ ಮನೆಗೆ ಇಳಿಯುವ ಎಕ್ಸಿಟ್ ಬೋರ್ಡು ಮಳೆಯಲ್ಲಿ ಹಸಿರಾಗಿ ಕಂಡಿತು.

"ಇನ್ನೂ ಯಾವ್ಯಾವುದಕ್ಕೆ ಹಂಗೆ ಹ್ಞೂಂ ಅಂದಿದೀಯ?"

"ತುಂಬ ಇದೆ."

ರಘು ಎಕ್ಸಿಟ್ ತೆಗೆದುಕೊಳ್ಳಲಿಲ್ಲ. ಬೋರ್ಡು ದಾಟಿ, ಬೆಟ್ಟದ ಕಡೆಗೆ, ನಮಗೇನೂ ಕೆಲಸವಿಲ್ಲದ ಕಡೆಗೆ ಕಾರು ಹೋಯಿತು.

"ಹೇಳು," ಅಂದ. "ಮೊದಲ್ನಿಂದ ಹೇಳು."